ಎರಡನೆಯ ಸಲ ಕಚ್ಚುವ ಉಣುಗು

ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಮದುವೆಯಾಗಿ ಸಿದ್ದಾಪುರದ ಕಡೆಯ ಹಳ್ಳಿಗೆ ಬಂದ ಮೊದಲ ವರ್ಷ, ಸಂಕ್ರಾಂತಿ ಕಳೆದ ಮೇಲೆ ಅತ್ತೆಯ ಜತೆ ದರಕು ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೋದೆ. ಉದುರಿದ ಒಣ ಎಲೆ ಮೊದಲು ಕೊಟ್ಟಿಗೆಗೆ ಹಾಸು, ಆಮೇಲೆ ಅಡಿಕೆ ತೋಟಕ್ಕೆ ಗೊಬ್ಬರ. ಇಬ್ಬರೂ ಒಂದೇ ಮರದ ಬುಡದಲ್ಲಿ ಒಂದೇ ಹೊತ್ತು ಕೆಲಸ ಮಾಡಿದೆವು. ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಅತ್ತೆ ಕಾಲು ಕೆರೆದುಕೊಳ್ಳುತ್ತ ಜಗಲಿಯ ಬೆಳಕಿಗೆ ಬಂದು ಕೂತಿದ್ದರು. ಪಾದದ ಗಂಟಿನ ಹತ್ತಿರ ಎಳ್ಳಿಗಿಂತ ಚಿಕ್ಕದೊಂದು ಉಣುಗು, ಅದರ ಸುತ್ತ ರೂಪಾಯಿಯಗಲ ಕೆಂಪು. ಕಿತ್ತು ಒಲೆಗೆ ಹಾಕಿದರು.

ನನಗೆ ಏನೂ ಆಗಲಿಲ್ಲ. ಉಣುಗಿಗೆ ನಾನು ರುಚಿಸಲಿಲ್ಲವೇನೋ ಅಂದುಕೊಂಡೆ. ನಾಲ್ಕನೆಯ ದಿನ ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ ಬೆರಳಿಗೆ ಏನೋ ತಗುಲಿತು. ರಕ್ತ ಕುಡಿದು ಉಬ್ಬಿ ಬೂದುಬಣ್ಣಕ್ಕೆ ತಿರುಗಿದ್ದ ಉಣುಗು. ನೋವಿಲ್ಲ, ತುರಿಕೆಯಿಲ್ಲ, ಕೆಂಪೂ ಇಲ್ಲ. ನಾಲ್ಕು ದಿನ ನನ್ನ ಮೈಮೇಲೆ ಒಂದು ಜೀವಿ ಊಟ ಮಾಡಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಅತ್ತೆ ನೋಡಿ, "ನಿನ್ನ ಚರ್ಮಕ್ಕೆ ಇನ್ನೂ ಗೊತ್ತಾಗ್ತಿಲ್ಲೆ" ಅಂದರು.

ಚರ್ಮಕ್ಕೆ ಗೊತ್ತಾಗುವುದು ಎಂದರೇನು ಎಂದು ಆಮೇಲೆ ಓದುತ್ತ ಹೋದೆ. ಅತ್ತೆ ಆಡಿದ್ದು ಬರೀ ಮಾತಲ್ಲ, ಪ್ರಯೋಗಶಾಲೆಗಳಲ್ಲಿ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಗಿನಿಪಿಗ್, ಇಲಿ, ಮೊಲ, ದನಗಳ ಮೇಲೆ ನೋಡಿ ನೋಡಿ ಬರೆದಿಟ್ಟ ಸಂಗತಿ ಎಂಬುದು ತಿಳಿಯಿತು.

ಮೊದಲು ಉಣುಗಿನ ಕೆಲಸ ನೋಡೋಣ. ಸೊಳ್ಳೆ ಕಳ್ಳನ ಹಾಗೆ, ನಿಮಿಷದಲ್ಲಿ ಬಂದು ಹೋಗುತ್ತದೆ. ಉಣುಗು ಬಿಡಾರ ಹೂಡುವ ಜೀವಿ. ಜೇಡ, ಚೇಳುಗಳ ಬಳಗದ್ದು. ಮೊಟ್ಟೆಯೊಡೆದ ಮರಿಗೆ 6 ಕಾಲು. ಅದು ರಕ್ತ ಕುಡಿದು ಉದುರಿ, ಪೊರೆ ಕಳಚಿ 8 ಕಾಲಿನ ನಿಂಫ್ ಆಗುತ್ತದೆ. ನಿಂಫ್ ಮತ್ತೆ ಕುಡಿದು ಬಲಿಯುತ್ತದೆ. ನಮ್ಮ ಕಾಡಿನ ಹೆಚ್ಚಿನ ಉಣುಗುಗಳಿಗೆ ಒಂದೊಂದು ಹಂತಕ್ಕೆ ಒಂದೇ ಊಟ, ಆದರೆ ಆ ಊಟ ದಿನಗಟ್ಟಲೆ ನಡೆಯುತ್ತದೆ. ಬಲಿತ ಹೆಣ್ಣು ವಾರಕ್ಕೂ ಹೆಚ್ಚು ಕಾಲ ಕಚ್ಚಿಕೊಂಡಿದ್ದು, ತನ್ನ ತೂಕದ ನೂರು ಪಟ್ಟು ಹಿಗ್ಗಬಲ್ಲದು. ಬಾಯಿಯ ನಡುವಿನ ಕೊಕ್ಕಿಗೆ ಹಿಮ್ಮುಖವಾದ ಗರಗಸದ ಹಲ್ಲುಗಳಿವೆ. ಸಾಲದ್ದಕ್ಕೆ ಹಲವು ಜಾತಿಗಳು ಸಿಮೆಂಟಿನಂಥ ಅಂಟು ಸುರಿಸಿ ಬಾಯಿಯನ್ನು ಚರ್ಮಕ್ಕೆ ಬೆಸೆದುಬಿಡುತ್ತವೆ. ಅಷ್ಟು ದಿನ ಒಂದು ಪರಕೀಯ ವಸ್ತು ಚರ್ಮದೊಳಗೆ ನೆಟ್ಟುಕೊಂಡಿದ್ದರೂ ದೇಹ ಸುಮ್ಮನಿರುತ್ತದಲ್ಲ, ಅದೇ ಸೋಜಿಗ. ಸಣ್ಣ ಮುಳ್ಳು ಮುರಿದುಕೊಂಡರೆ ಎರಡು ದಿನಕ್ಕೆ ಕೀವಾಗುತ್ತದೆ, ಉಣುಗಿಗೆ ಹಾಗಾಗುವುದಿಲ್ಲ.

ಕಾರಣ ಅದರ ಜೊಲ್ಲು. ಉಣುಗು ಒಮ್ಮೆ ಹೀರುತ್ತದೆ, ಒಮ್ಮೆ ಉಗುಳುತ್ತದೆ. ಆ ಜೊಲ್ಲಿನಲ್ಲಿ ನೂರಾರು ಬಗೆಯ ಪ್ರೋಟೀನುಗಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವವು ಕೆಲವು, ನೋವು ತುರಿಕೆ ಅಡಗಿಸುವವು ಕೆಲವು, ಬಿಳಿ ರಕ್ತಕಣಗಳಿಗೆ ಹೋಗುವ ಕರೆಯನ್ನು ದಾರಿಯಲ್ಲೇ ಹಿಡಿದು ನುಂಗುವವು ಮತ್ತೆ ಕೆಲವು. ಈ ಕೊನೆಯ ಗುಂಪಿಗೆ ವಿಜ್ಞಾನಿಗಳು ಇವಾಸಿನ್ ಎಂದು ಹೆಸರಿಟ್ಟಿದ್ದಾರೆ.

ಹಾಗಿದ್ದರೆ ಅತ್ತೆಯ ಕಾಲಿಗೆ ಅದು ಬೇಗ ಗೊತ್ತಾದದ್ದು ಹೇಗೆ?

ಅಮೆರಿಕದ ವಿಲಿಯಂ ಟ್ರೇಗರ್ ಎಂಬ ಪರಾವಲಂಬಿ ತಜ್ಞರು 1939ರಲ್ಲಿ ಗಿನಿಪಿಗ್‌ಗಳ ಮೇಲೆ ಮಾಡಿದ ಕೆಲಸದಲ್ಲಿ ಇದಕ್ಕೆ ಮೊದಲ ಸುಳಿವು ಸಿಕ್ಕಿತು. ಉಣುಗಿನ ಮರಿಗಳನ್ನು ಗಿನಿಪಿಗ್‌ನ ಮೈಮೇಲೆ ಬಿಟ್ಟರು. ಮೊದಲ ಸಲ ಹೆಚ್ಚಿನವು ಹೊಟ್ಟೆ ತುಂಬಿಸಿಕೊಂಡು ಉದುರಿದವು. ಅದೇ ಪ್ರಾಣಿಯ ಮೇಲೆ ಮತ್ತೊಮ್ಮೆ ಹೊಸ ಮರಿಗಳನ್ನು ಬಿಟ್ಟಾಗ ಹೊಟ್ಟೆ ತುಂಬಿದವು ತೀರ ಕಡಿಮೆ, ಅವುಗಳ ತೂಕವೂ ಕಡಿಮೆ. ಒಮ್ಮೆ ಕಚ್ಚಿಸಿಕೊಂಡ ಪ್ರಾಣಿ ಏನನ್ನೋ ಕಲಿತಿತ್ತು. (ಮನುಷ್ಯರ ಮಲೇರಿಯಾ ಪರಾವಲಂಬಿಯನ್ನು ಸೀಸೆಯಲ್ಲಿ ನಿರಂತರವಾಗಿ ಬೆಳೆಸುವ ದಾರಿಯನ್ನು 1976ರಲ್ಲಿ ತೋರಿಸಿದವರಲ್ಲಿ ಇದೇ ಟ್ರೇಗರ್ ಒಬ್ಬರು. ಇಷ್ಟು ದೊಡ್ಡ ಎರಡು ಕೆಲಸಗಳನ್ನು ಒಂದೇ ಬದುಕಿನಲ್ಲಿ ಮಾಡಿದವರನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.)

ಇದನ್ನು ಊರಿನಲ್ಲೇ ನೋಡಿ ತಿಳಿಯಬಹುದಿತ್ತಲ್ಲ, ಪ್ರಾಣಿಗಳನ್ನು ಏಕೆ ಗೂಡಿನಲ್ಲಿಡಬೇಕು ಎಂದು ನನಗೂ ಅನಿಸಿತ್ತು. ಆದರೆ ಊರಿನಲ್ಲಿ ಎಲ್ಲವೂ ಬೆರೆತಿರುತ್ತದೆ. ಅತ್ತೆಗೆ ಈವರೆಗೆ ಎಷ್ಟು ಉಣುಗು ಕಚ್ಚಿವೆ, ಯಾವ ಜಾತಿಯವು, ಯಾವ ವಯಸ್ಸಿನಲ್ಲಿ ಕಚ್ಚಿದವು, ಯಾರಿಗೆ ಗೊತ್ತು? ಪ್ರಯೋಗದಲ್ಲಿ ಲೆಕ್ಕವಿರುತ್ತದೆ. ಪ್ರಾಣಿಯ ಬೆನ್ನಿನ ಒಂದು ಚಿಕ್ಕ ಜಾಗದ ಕೂದಲು ಬೋಳಿಸಿ, ಅಲ್ಲಿ ಮುಚ್ಚಳವಿರುವ ಸಣ್ಣ ಡಬ್ಬಿಯನ್ನು ಅಂಟಿಸಿ, ಎಣಿಸಿದ ಉಣುಗುಗಳನ್ನು ಅದರೊಳಗೆ ಬಿಡುತ್ತಾರೆ. ದಿನವೂ ಮುಚ್ಚಳ ತೆಗೆದು ಎಷ್ಟು ಕಚ್ಚಿವೆ, ಎಷ್ಟು ಸತ್ತಿವೆ ಎಂದು ಬರೆದುಕೊಳ್ಳುತ್ತಾರೆ. ಉದುರಿದವನ್ನು ತೂಗುತ್ತಾರೆ. ಪ್ರಾಣಿ ಕೆರೆದು ಕಿತ್ತುಹಾಕದಂತೆ ಕುತ್ತಿಗೆಗೆ ಪಟ್ಟಿ ಹಾಕುವುದೂ ಇದೆ. ಆ ಪಟ್ಟಿಯ ವಿಷಯ ಓದಿದಾಗ ನನ್ನ ಹೊಟ್ಟೆ ತೊಳಸಿತು. ತುರಿಕೆ ಎಂದರೇನು ಎಂದು ಅಷ್ಟರಲ್ಲಿ ನನಗೆ ಚೆನ್ನಾಗಿ ಗೊತ್ತಾಗಿತ್ತು. ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲಿ ಹೇಳಿದ ಮೂರು ಮಾತು ಇಂದಿಗೂ ಈ ಕೆಲಸದ ಅಳತೆಗೋಲು: ಪ್ರಾಣಿಯಿಲ್ಲದೆ ಆಗುವುದಾದರೆ ಹಾಗೆ ಮಾಡಿ, ಆಗದಿದ್ದರೆ ಕಡಿಮೆ ಪ್ರಾಣಿ ಬಳಸಿ, ಬಳಸಿದ್ದಕ್ಕೆ ನೋವು ಕಡಿಮೆ ಮಾಡಿ. ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದೇ ನನ್ನ ಅಭಿಪ್ರಾಯ.

ಗಿನಿಪಿಗ್ ಕಲಿತದ್ದು ಏನು? 1973ರಲ್ಲಿ ಆ್ಯಲನ್ ಎಂಬ ಸಂಶೋಧಕರು ಎರಡನೆಯ ಸಲ ಕಚ್ಚಿದ ಜಾಗದ ಚರ್ಮವನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ನೋಡಿದಾಗ ಅಲ್ಲಿ ಬೇಸೊಫಿಲ್ ಎಂಬ ಬಿಳಿ ರಕ್ತಕಣಗಳು ಜಾತ್ರೆ ನೆರೆದಿದ್ದವು. ರಕ್ತದಲ್ಲಿ ಇವು ತೀರ ವಿರಳ, ಬಿಳಿ ರಕ್ತಕಣಗಳಲ್ಲಿ ನೂರಕ್ಕೆ ಒಂದೂ ಇರುವುದಿಲ್ಲ. ಜರ್ಮನಿಯ ಪಾಲ್ ಎರ್ಲಿಕ್ 1879ರಲ್ಲೇ ಬಣ್ಣ ಹಾಕಿ ಇವನ್ನು ಗುರುತಿಸಿದ್ದರು. ನೂರು ವರ್ಷ ಕಳೆದರೂ ಇವು ಮಾಡುವ ಕೆಲಸ ಏನೆಂದು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. 1982ರಲ್ಲಿ ಅಮೆರಿಕದ ಒಂದು ತಂಡ, ಕಲಿತ ಗಿನಿಪಿಗ್‌ಗೆ ಬೇಸೊಫಿಲ್‌ಗಳನ್ನು ಕೊಲ್ಲುವ ಸೀರಮ್ ಕೊಟ್ಟು ನೋಡಿತು. ಉಣುಗುಗಳು ಮೊದಲ ಸಲದ ಹಾಗೆ ಮತ್ತೆ ಹೊಟ್ಟೆ ತುಂಬ ಕುಡಿದವು. ಕಲಿಕೆ ಅಳಿಸಿಹೋಯಿತು.

ಸೀರಮ್ ಬೇರೆ ಕಣಗಳನ್ನೂ ಕೊಂದಿರಬಹುದಲ್ಲ ಎಂಬ ಅನುಮಾನ ಉಳಿದಿತ್ತು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಚೊಕ್ಕವಾಗಿ ಬಿಡಿಸಿದರು. ಗಂಟಲಮಾರಿಯ ವಿಷ, ಅಂದರೆ ಡಿಫ್ತೀರಿಯಾ ಟಾಕ್ಸಿನ್, ಇಲಿಯ ಕೋಶಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಅದು ಒಳನುಗ್ಗುವ ಬಾಗಿಲು ಇಲಿಯಲ್ಲಿ ಸರಿಹೊಂದುವುದಿಲ್ಲ. ಮನುಷ್ಯರದಂಥ ಬಾಗಿಲನ್ನು ಬೇಸೊಫಿಲ್‌ಗಳಲ್ಲಿ ಮಾತ್ರ ಮೂಡುವಂತೆ ಮಾಡಿ ಒಂದು ಇಲಿಯ ತಳಿ ಬೆಳೆಸಿದರು. ಆ ಇಲಿಗೆ ಗಂಟಲಮಾರಿ ವಿಷ ಕೊಟ್ಟರೆ ಬೇಸೊಫಿಲ್‌ಗಳಷ್ಟೇ ಸಾಯುತ್ತವೆ, ಉಳಿದದ್ದೆಲ್ಲ ಹಾಗೇ ಇರುತ್ತದೆ. ಅಂಥ ಇಲಿಗಳಲ್ಲಿ ಉಣುಗಿನ ವಿರುದ್ಧದ ಕಲಿಕೆ ನಿಂತೇಹೋಯಿತು. ಅವರು ಬಳಸಿದ್ದು ಹೆಮಾಫೈಸಾಲಿಸ್ ಕುಲದ ಉಣುಗು. ನಮ್ಮ ಕಾಡಿನ ಮಂಗನ ಕಾಯಿಲೆಯ ಉಣುಗೂ ಅದೇ ಕುಲದ್ದು, ಜಾತಿ ಮಾತ್ರ ಬೇರೆ.

ಈಗ ಇಡೀ ಕಥೆಯನ್ನು ಚರ್ಮದೊಳಗಿಂದ ಹೇಳಬಹುದು. ಮೊದಲ ಸಲ ಉಣುಗು ಕಚ್ಚಿದಾಗ ಚರ್ಮದಲ್ಲಿ ಕಾವಲಿರುವ ಕೋಶಗಳು ಜೊಲ್ಲಿನ ಚೂರುಗಳನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ತೊಡೆಸಂದಿಯಲ್ಲಿ ಗಳಲೆ ಕಟ್ಟುತ್ತದಲ್ಲ, ಅಂಥ ಜಾಗ. ಅಲ್ಲಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಆ ಗುರುತನ್ನು ಕಲಿಯುತ್ತವೆ. ಅವುಗಳ ಮಾತು ಕೇಳಿ ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತವೆ. ಇದು ಅಲರ್ಜಿಯಲ್ಲಿ ಕಾಣುವ ಪ್ರತಿಕಾಯವೇ. ಹೊಟ್ಟೆಹುಳದಂಥ ದೊಡ್ಡ ಪರಾವಲಂಬಿಗಳು ಬಂದಾಗಲೂ ದೇಹ ಇದನ್ನೇ ಹೊರತೆಗೆಯುತ್ತದೆ. ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣ ನುಂಗಿಬಿಡಬಹುದು, ತನಗಿಂತ ಸಾವಿರಾರು ಪಟ್ಟು ದೊಡ್ಡದಾದ ಹುಳವನ್ನೋ ಉಣುಗನ್ನೋ ನುಂಗಲಾರದು. ಅದನ್ನು ಇರಲಾರದಂತೆ ಮಾಡಿ ಓಡಿಸುವುದೊಂದೇ ದಾರಿ. ಐಜಿಇ ಹೋಗಿ ಬೇಸೊಫಿಲ್‌ಗಳ ಮೇಲೆ, ಚರ್ಮದಲ್ಲೇ ಇದ್ದು ಅವುಗಳಂಥದೇ ಕೆಲಸ ಮಾಡುವ ಮಾಸ್ಟ್ ಕೋಶಗಳ ಮೈಮೇಲೆ ಬಲೆಯ ಹಾಗೆ ಕೂರುತ್ತದೆ. ಇದೆಲ್ಲ ಮುಗಿಯಲು ದಿನಗಳು ಬೇಕು. ಅಷ್ಟರಲ್ಲಿ ಮೊದಲ ಉಣುಗು ಉಂಡು ಉದುರಿರುತ್ತದೆ. ಕಲಿತ ಟಿ ಕೋಶಗಳಲ್ಲಿ ಕೆಲವು ಚರ್ಮದಲ್ಲೇ ನೆಲೆಸುತ್ತವೆ.

ಎರಡನೆಯ ಉಣುಗು ಕಚ್ಚಿದಾಗ ಆ ನೆಲೆಸಿದ ಟಿ ಕೋಶಗಳು ಇಂಟರ್‌ಲ್ಯೂಕಿನ್-3 ಎಂಬ ಕರೆ ಕಳಿಸುತ್ತವೆ. ಬೇಸೊಫಿಲ್‌ಗಳು ರಕ್ತದಿಂದ ಇಳಿದು ಉಣುಗಿನ ಬಾಯಿಯ ಸುತ್ತಲೇ ಮುತ್ತುತ್ತವೆ. ಜೊಲ್ಲು ಐಜಿಇಗೆ ತಾಗಿದ ಕೂಡಲೇ ಬೇಸೊಫಿಲ್‌ನ ಹೊಟ್ಟೆಯಲ್ಲಿದ್ದ, ಹಿಸ್ಟಮಿನ್ ಎಂಬ ರಾಸಾಯನಿಕದ ಚೀಲಗಳು ಒಡೆಯುತ್ತವೆ. ಹಿಸ್ಟಮಿನ್ ಎರಡು ಕೆಲಸ ಮಾಡುತ್ತದೆ. ಒಂದು, ಚರ್ಮದ ಮೇಲುಪದರ ದಪ್ಪಗಾಗಿ ಉಣುಗಿಗೆ ರಕ್ತ ಎಟುಕದ ಹಾಗೆ ಆಗುತ್ತದೆ. ಜಪಾನಿನ ಅದೇ ವಿಜ್ಞಾನಿಗಳು 2018ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಇನ್ನೊಂದು, ತುರಿಕೆ. ತುರಿಕೆಯಾದರೆ ಕೈ ಹೋಗುತ್ತದೆ, ನಾಲಗೆ ಹೋಗುತ್ತದೆ, ಹಲ್ಲು ಹೋಗುತ್ತದೆ. ರೋಗನಿರೋಧಕ ವ್ಯವಸ್ಥೆ ತನ್ನಿಂದ ಆಗದ ಕೊನೆಯ ಕೆಲಸವನ್ನು ಉಗುರಿಗೆ ಒಪ್ಪಿಸುತ್ತದೆ.

ಇದು ನಮ್ಮ ಕೊಟ್ಟಿಗೆಯಲ್ಲಿ ದಿನವೂ ಕಾಣುತ್ತದೆ. ನಮ್ಮಲ್ಲೊಂದು ಮಲೆನಾಡು ಗಿಡ್ಡ, ಪಕ್ಕದಲ್ಲೊಂದು ಜರ್ಸಿ ಮಿಶ್ರತಳಿ. ಒಂದೇ ಹಾಸು, ಒಂದೇ ಮೇವು. ಜರ್ಸಿಯ ಗಂಗೆದೊಗಲಿನ ಕೆಳಗೆ, ಕೆಚ್ಚಲ ಸಂದಿಯಲ್ಲಿ ಉಣುಗು ಹುಣಸೆಬೀಜದ ಹಾಗೆ ಜೋತಿರುತ್ತವೆ. ಗಿಡ್ಡದ ಮೈಯಲ್ಲಿ ಹುಡುಕಿದರೆ ಒಂದೋ ಎರಡೋ, ಅವೂ ಬಡಕಲು. ನಾಡ ದನಗಳ ರಕ್ತದಲ್ಲಿ ಉಣುಗನ್ನು ತಡೆಯುವ ಶಕ್ತಿ ಯುರೋಪಿನ ತಳಿಗಳಿಗಿಂತ ಹೆಚ್ಚು, ಅದು ತಲೆಮಾರಿನಿಂದ ತಲೆಮಾರಿಗೂ ಬರುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ ದಶಕಗಳ ಕಾಲ ದನದ ಉಣುಗಿನ ಮೇಲೆ ನಡೆದ ಕೆಲಸ ಗಟ್ಟಿ ಮಾಡಿದೆ. ದನಗಳು ತಮ್ಮ ಮೈ ನೆಕ್ಕದಂತೆ ತಡೆದರೆ ಉಣುಗು ಹೆಚ್ಚುತ್ತದೆ ಎಂಬುದೂ ಅಲ್ಲಿಯೇ ಕಂಡದ್ದು. ನಾನು ಸಂಜೆ ಹಾಲು ಕರೆಯುವಾಗ ಗಿಡ್ಡ ತಲೆ ಹೊರಳಿಸಿ ಪಕ್ಕೆಯನ್ನು ಗರಗರ ನೆಕ್ಕುವುದನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ.

ಇಷ್ಟಾದ ಮೇಲೆ ಗಿನಿಪಿಗ್ ಕಲಿಯುತ್ತದೆ, ದನ ಕಲಿಯುತ್ತದೆ, ಮನುಷ್ಯ ಕಲಿಯುತ್ತಾನೆ, ಎಲ್ಲ ಪ್ರಾಣಿಯೂ ಕಲಿಯುತ್ತದೆ ಅನಿಸಬಹುದು. ಇಲ್ಲಿಯೇ ಈ ವಿಷಯದ ತಿರುವು ಇರುವುದು, ನನ್ನನ್ನು ಹೆಚ್ಚು ಕಾಡಿದ್ದೂ ಇದೇ. ಅಮೆರಿಕದಲ್ಲಿ ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ ಹರಡುವ ಕರಿಗಾಲಿನ ಉಣುಗನ್ನು ಗಿನಿಪಿಗ್ ಮೇಲೆ ಬಿಟ್ಟರೆ ಎರಡನೆಯ, ಮೂರನೆಯ ಸಲಕ್ಕೆ ಗಿನಿಪಿಗ್ ಅದನ್ನು ಓಡಿಸುತ್ತದೆ. ಅದೇ ಉಣುಗನ್ನು ಇಲಿಯ ಮೇಲೆ ಎಷ್ಟು ಸಲ ಬಿಟ್ಟರೂ ಇಲಿ ಕಲಿಯುವುದೇ ಇಲ್ಲ. ಪ್ರತಿ ಸಲವೂ ಹೊಟ್ಟೆ ತುಂಬ ಕುಡಿಯಲು ಬಿಡುತ್ತದೆ. ಕಾಡಿನಲ್ಲಿ ಆ ಉಣುಗಿನ ಮರಿಗಳಿಗೆ ಊಟ ಹಾಕುತ್ತ ಬಂದದ್ದು ಇಲಿ ಹೆಗ್ಗಣಗಳಂಥ ಸಣ್ಣ ಪ್ರಾಣಿಗಳೇ. ಅವುಗಳ ರಕ್ಷಣೆಯನ್ನು ಮಣಿಸುವ ಜೊಲ್ಲು ಲಕ್ಷಾಂತರ ವರ್ಷಗಳಲ್ಲಿ ಹದಗೊಂಡಿದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಗಿನಿಪಿಗ್ ದಕ್ಷಿಣ ಅಮೆರಿಕದ್ದು, ಆ ಉಣುಗಿಗೆ ಅಪರಿಚಿತ. ಅಪರಿಚಿತ ಮನೆಯಲ್ಲಿ ಹಳೆಯ ಕೀಲಿಕೈ ತಿರುಗುವುದಿಲ್ಲ.

ಹಾಗಾಗಿ ಯಾವ ಪ್ರಾಣಿಯನ್ನು ಕೇಳಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಉಣುಗನ್ನು ಓಡಿಸಲು ಮಾಸ್ಟ್ ಕೋಶ ಬೇಕೇ ಬೇಕು ಎಂದು ಒಂದು ಪ್ರಯೋಗಶಾಲೆ, ಬೇಡವೇ ಬೇಡ ಎಂದು ಇನ್ನೊಂದು ಬಹಳ ಕಾಲ ವಾದಿಸಿದವು; ಕೊನೆಗೆ ನೋಡಿದರೆ ಇಬ್ಬರೂ ಬೇರೆ ಬೇರೆ ಜಾತಿಯ ಉಣುಗು ಬಳಸಿದ್ದರು. "ಇಲಿಗಳ ಮೇಲೆ ಯಶಸ್ವಿ" ಎಂದು ಪತ್ರಿಕೆಯಲ್ಲಿ ಬಂದರೆ ನಾನೀಗ ಮೊದಲು ಕೇಳುವುದು ಯಾವ ಇಲಿ, ಯಾವ ಉಣುಗು ಎಂದು.

ಮನುಷ್ಯರು ಯಾವ ಕಡೆ? ಅಮೆರಿಕದ ಬ್ಲಾಕ್ ಐಲೆಂಡ್ ಎಂಬ ದ್ವೀಪದ ಜನರನ್ನು ಗಮನಿಸಿ 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು: ಉಣುಗು ಕಚ್ಚಿದಾಗ ತುರಿಕೆಯಾಗುವವರಿಗೆ ಲೈಮ್ ಕಾಯಿಲೆ ತಗುಲಿದ್ದು ಕಡಿಮೆ. ತುರಿಕೆಯಾದವರು ಬೇಗ ಕೀಳುತ್ತಾರೆ. ಲೈಮ್‌ನ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಿಂದ ಜೊಲ್ಲಿಗೆ ಬರಲು ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಬೇಕು. ಅಷ್ಟರೊಳಗೆ ಕಿತ್ತರೆ ಗೆದ್ದಂತೆ.

ಇದನ್ನೇ ಲಸಿಕೆ ಮಾಡಿದರೆ? 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಹಾಗೆಯೇ ಯೋಚಿಸಿತು. ಕೆಲವು ಕೊರೊನಾ ಲಸಿಕೆಗಳಲ್ಲಿ ಬಳಸಿದ ಎಂಆರ್‌ಎನ್‌ಎ ವಿಧಾನದಲ್ಲಿ, ಅಂದರೆ ಪ್ರೋಟೀನು ತಯಾರಿಸುವ ಸೂಚನೆಯನ್ನೇ ದೇಹಕ್ಕೆ ಕೊಟ್ಟು, ಉಣುಗಿನ ಜೊಲ್ಲಿನ 19 ಪ್ರೋಟೀನುಗಳ ಗುರುತನ್ನು ಗಿನಿಪಿಗ್‌ಗೆ ಕಲಿಸಿದರು. ಕಚ್ಚಿದ ಸ್ವಲ್ಪ ಹೊತ್ತಿಗೇ ಚರ್ಮ ಕೆಂಪಾಯಿತು, ಉಣುಗುಗಳು ಸರಿಯಾಗಿ ಕುಡಿಯಲಾಗದೆ ಬೇಗ ಕಳಚಿದವು. ಕೆಂಪು ಕಂಡಾಗಲೇ ಉಣುಗನ್ನು ತೆಗೆದ ಗಿನಿಪಿಗ್‌ಗಳಿಗೆ ಲೈಮ್ ತಗುಲಲಿಲ್ಲ. ಲಸಿಕೆ ಹಾಕಿದ ಇಲಿಗಳಲ್ಲಿ ಮಾತ್ರ ಉಣುಗುಗಳು ಎಂದಿನಂತೆ ಕುಡಿದವು. ಮೇಲೆ ಹೇಳಿದ ತಿರುವು ಇಲ್ಲಿಯೂ ಕಾಣಿಸಿತು. ದನಗಳಿಗಾದರೆ ಇದಕ್ಕೂ ಮೊದಲೇ, 1993–94ರಲ್ಲಿ, ಕ್ಯೂಬಾ ಮತ್ತು ಆಸ್ಟ್ರೇಲಿಯಾದಲ್ಲಿ ಬಿಎಂ86 ಎಂಬ ಪ್ರೋಟೀನಿನ ಲಸಿಕೆ ಬಂದಿತ್ತು. ಅದರ ಉಪಾಯ ಬೇರೆ. ಬಿಎಂ86 ಇರುವುದು ಉಣುಗಿನ ಕರುಳಿನಲ್ಲಿ, ಜೊಲ್ಲಿನಲ್ಲಲ್ಲ. ದನ ತಾನಾಗಿ ಎಂದೂ ಅದನ್ನು ನೋಡದು, ಉಣುಗಿಗೂ ಅದನ್ನು ಮರೆಸುವ ಅಗತ್ಯ ಬಂದಿರಲಿಲ್ಲ. ಲಸಿಕೆ ಹಾಕಿದ ದನದ ರಕ್ತ ಕುಡಿದಾಗ ಪ್ರತಿಕಾಯಗಳೂ ಒಳಗೆ ಹೋಗಿ ಉಣುಗಿನ ಕರುಳನ್ನೇ ಹಾಳುಮಾಡುತ್ತವೆ.

ನಮ್ಮ ಸೀಮೆಯಲ್ಲಿ ಉಣುಗು ಎಂದ ಕೂಡಲೇ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ವೈರಸ್ ಕಣ್ಣಿಗೆ ಬಿದ್ದದ್ದೂ ಪ್ರಯೋಗದ ಎಳೆ ಇಲಿಮರಿಗಳ ಮೂಲಕವೇ. ಸಿದ್ದಾಪುರದ ಹಳ್ಳಿಗಳಿಗೆ ಅದರ ಸಂಕಟ ಹೊಸತಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಲೈಮ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವೈರಸ್‌ಗಳು ಉಣುಗಿನ ಜೊಲ್ಲಿನ ಗ್ರಂಥಿಯಲ್ಲೇ ಕಾದಿರಬಲ್ಲವು, ದಾಟಲು ದಿನಗಟ್ಟಲೆ ಬೇಕಿಲ್ಲ. ಇನ್ನೂ ಆತಂಕದ ಸಂಗತಿಯೊಂದಿದೆ. ಮಂಗನ ಕಾಯಿಲೆಯ ವೈರಸ್‌ನ ದಾಯಾದಿಯಾದ ಯುರೋಪಿನ ಮಿದುಳುಜ್ವರದ ವೈರಸ್ ಮೇಲೆ 1990ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ, ಪ್ರಾಣಿಯ ರಕ್ತಕ್ಕೆ ವೈರಸ್ ಹರಡುವ ಮೊದಲೇ ಒಂದು ಉಣುಗಿನಿಂದ ಪಕ್ಕದ ಉಣುಗಿಗೆ ಅದು ದಾಟಿತ್ತು. ದಾಟಿಸಿದವು ಕಚ್ಚಿದ ಜಾಗಕ್ಕೆ ಧಾವಿಸಿದ ರಕ್ಷಣೆಯ ಕೋಶಗಳೇ. ಕಾವಲಿಗೆ ಬಂದವರೇ ಕಳ್ಳನನ್ನು ಹೊತ್ತು ತಿರುಗಿದ ಹಾಗೆ. ಆದ್ದರಿಂದ ನನಗೆ ತುರಿಕೆಯಾಗುತ್ತದೆ, ನಾನು ಗಟ್ಟಿ ಎಂದು ಯಾರೂ ಬರಿಗಾಲಲ್ಲಿ ಬೆಟ್ಟಕ್ಕೆ ಹೋಗಬಾರದು. ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಬೇಕು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಕುದಿಸಬೇಕು. ಕಚ್ಚಿದ್ದನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು. ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ. ಆಮೇಲೆ ಜ್ವರ ಬಂದರೆ ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕು.

ನನ್ನ ಚರ್ಮಕ್ಕೂ ಮೂರನೆಯ ವರ್ಷ ಗೊತ್ತಾಗತೊಡಗಿತು. ರಾತ್ರಿ ಎರಡು ಗಂಟೆಗೆ ಕಾಲು ತುರಿಸಿ ಎಚ್ಚರವಾಗಿ, ದೀಪ ಹಾಕಿ ನೋಡಿದರೆ ಹಿಮ್ಮಡಿಯ ಮೇಲೆ ಕೆಂಪು, ನಡುವೆ ಒಂದು ಕಪ್ಪು ಚುಕ್ಕೆ. ಆ ತುರಿಕೆ ವಾರವಿಡೀ ಬಿಡಲಿಲ್ಲ. ಈ ಫೆಬ್ರವರಿಯಲ್ಲಿ ಹುಬ್ಬಳ್ಳಿಯಿಂದ ಅಣ್ಣನ ಮಗಳು ಬಂದಿದ್ದಳು, ಏಳು ವರ್ಷದವಳು. ನಾವು ಬೇಡವೆಂದರೂ ದರಕಿನ ರಾಶಿಯ ಮೇಲೆ ಕುಣಿದಳು. ಸಂಜೆ "ತುರಿಸ್ತದೇನು?" ಎಂದು ಕೇಳಿದರೆ "ಇಲ್ಲ" ಅಂದಳು. ಅವಳ ಮಾತನ್ನು ನಂಬದೆ ಜಗಲಿಯಲ್ಲಿ ಕೂರಿಸಿಕೊಂಡು, ನಾನೊಂದು ಕಾಲು, ಅತ್ತೆ ಒಂದು ಕಾಲು ಹಿಡಿದು, ಬೆರಳ ಸಂದಿ, ಮೊಣಕಾಲ ಹಿಂದೆ, ಸೊಂಟದ ದಾರದ ಕೆಳಗೆ, ಕಿವಿಯ ಹಿಂದೆ ಎಲ್ಲ ಟಾರ್ಚು ಹಾಕಿ ನೋಡಿದೆವು. ಮೂರು ಸಿಕ್ಕವು.